ಕಿವಿಗೆ ನಾಲ್ಕು, ಕೆಲಸಕ್ಕೆ ಸೊನ್ನೆ

ಊರಿಗೆಲ್ಲ ನೀರು ಕಳಿಸುವ ಆ ಪಂಪ್ ಹೌಸಿನಲ್ಲಿ ಮೀಸೆ ಬಿಟ್ಟ ಗಂಡಸು ಒಬ್ಬನೂ ಇರಲಿಲ್ಲ. ಹೊಸದಾಗಿ ಬಂದವರು ಇದೇನೋ ಇಲಾಖೆಯ ಕಾನೂನು ಇರಬೇಕು ಅಂದುಕೊಳ್ಳುತ್ತಿದ್ದರು. ಕಾನೂನು ಗೀನೂನು ಏನೂ ಅಲ್ಲ. ಅಲ್ಲಿನ ಫಿಟ್ಟರ್‌ಗೆ ಕಿವಿ ಕೇಳುತ್ತಿರಲಿಲ್ಲ, ಅಷ್ಟೆ. ಅವನು ಎದುರಿನವರ ಮಾತನ್ನು ತುಟಿಯ ಮೇಲೆ ಓದುತ್ತಿದ್ದ. ನಡುವೆ ಮೀಸೆ ಬಂತೋ, ಅರ್ಧ ಮಾತು ಪೊದೆಯೊಳಗೆ ನುಗ್ಗಿ ಕಾಣೆಯಾಗುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಲ್ಲಿನ ಎಲೆಕ್ಟ್ರಿಷಿಯನ್ ತನ್ನ ಕೊಂಬಿನಂಥ ಮೀಸೆಯನ್ನು ಬೋಳಿಸಿಕೊಂಡು ಬಂದು ನಿಂತ. ಅವನು ಫಿಟ್ಟರ್‌ನ ಹೆಂಡತಿಯ ತಮ್ಮನೇ. ಹತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಅದು.

"ಏನೋ ಇದು, ಸುಲಿದ ಆಲೂಗಡ್ಡೆ ಥರ ಆಗಿದೀಯ?" ಅಂದ ಫಿಟ್ಟರ್.

"ನಿನ್ ಹತ್ರ ಕಿರುಚಿ ಕಿರುಚಿ ನನ್ ಗಂಟಲು ಹರಿದೋಯ್ತು ಭಾವ. ಇನ್ಮೇಲೆ ನೋಡ್ಕೊ. ಬಾಯಿ ಇಲ್ಲಿದೆ, ಬಾಗ್ಲು ತೆಗ್ದಿದೆ."

ಒಂದು ಅಕ್ಷರ ತಪ್ಪದೆ ಫಿಟ್ಟರ್‌ಗೆ ಕಂಡಿತು. ಅವನು ತಿರುಗಿ ಮೂರನೇ ಪಂಪಿನ ಹತ್ತಿರ ಹೋಗಿ, ಬಿಗಿಯಾಗೇ ಇದ್ದ ನಟ್ಟನ್ನು ಇನ್ನೊಂದು ಸಲ ಬಿಗಿ ಮಾಡುತ್ತ ಬಹಳ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದ. ಮುಂದಿನ ವಾರ ವಾಲ್ವ್ ತಿರುಗಿಸುವವನ ಮೀಸೆ ಹೋಯಿತು. ಆಮೇಲೆ ಕಾವಲುಗಾರನದು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ಇನ್ನು ಫಿಟ್ಟರ್‌ನ ವಿಷಯ. ವಯಸ್ಸು ಐವತ್ತೆರಡು. ಓದಿದ್ದು ನಾಲ್ಕನೇ ಕ್ಲಾಸು. ಮೊದಲು ಸೈಕಲ್ ರಿಪೇರಿ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಇಪ್ಪತ್ತನಾಲ್ಕನೇ ವಯಸ್ಸಿಗೆ ಪಂಪ್ ಹೌಸಿಗೆ ಎಣ್ಣೆ ಡಬ್ಬಿ ಹಿಡಿಯುವ ಕೆಲಸಕ್ಕೆ ಬಂದ. ನಾಲ್ಕು ಪಂಪು, ನಾಲ್ಕು ಮೋಟಾರು, ತಗಡಿನ ಛಾವಣಿ. ಒಳಗೆ ಕಾಲಿಟ್ಟರೆ ಎದೆಯ ಗೂಡೇ ಅದುರುವಷ್ಟು ಸದ್ದು. ಆಗ ಕಿವಿಗೆ ಮುಚ್ಚಿಕೊಳ್ಳಲು ಯಾರೂ ಏನೂ ಕೊಡುತ್ತಿರಲಿಲ್ಲ. ಕೇಳಿದರೆ, ಹತ್ತಿ ಇಟ್ಟುಕೋ ಹೋಗು ಅನ್ನುತ್ತಿದ್ದರು. ಹತ್ತಿ ಇಟ್ಟುಕೊಂಡ. ಹತ್ತಿಯಿಂದ ಏನಾಗುತ್ತದೆ, ಮಣ್ಣು! ಹದಿನಾಲ್ಕು ವರ್ಷದಲ್ಲಿ ಆ ಸದ್ದು ಅವನ ಕಿವಿಯನ್ನು ಇಲಿ ಕಡಿದ ಹಾಗೆ ಸ್ವಲ್ಪ ಸ್ವಲ್ಪವೇ ತಿಂದು ಮುಗಿಸಿತು.

ಅದು ಅವನಿಗೆ ಗೊತ್ತಾದದ್ದು ಮನೆಯಲ್ಲಿ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತು ಬಾಯಿ ಆಡಿಸುತ್ತಿದ್ದಳು.

"ಸುಮ್ನೆ ಬಾಯಿ ಆಡಿಸ್ತೀಯಲ್ಲ, ಮಾತಾಡೋಕೆ ಏನು ರೋಗ ನಿಂಗೆ?" ಎಂದು ಗದರಿದ.

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಹತ್ತಿರ ಬಂದು, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅವಳು ಆಗಲೇ ಐದು ಸಲ ಕೂಗಿದ್ದಳಂತೆ. ಪಕ್ಕದ ಮನೆಯವರೂ ಹೊರಗೆ ಬಂದು ನೋಡುತ್ತಿದ್ದರಂತೆ.

ಕೋಪ ಅವನಿಗೆ ಮೊದಲೇ ಮೂಗಿನ ತುದಿಯಲ್ಲಿತ್ತು. ಕಿವಿ ಹೋದ ಮೇಲೆ ಮೂಗಿನಿಂದಲೂ ಮುಂದಕ್ಕೆ ಬಂತು. ಕೆಲಸದ ಜಾಗದಲ್ಲಿ ಅವನಿಗೆ ಸಿಡಿಗುಂಡು ಅಂತ ಹೆಸರಿಟ್ಟರು. ಹೇಗೂ ಕೇಳಿಸುವುದಿಲ್ಲವಲ್ಲ ಎಂದು ಎದುರಿಗೇ ಅನ್ನುತ್ತಿದ್ದರು. ತುಟಿ ಓದಲು ಕಲಿತ ಮೇಲೆ ಒಂದು ದಿನ ಅಂಗಳದ ಆ ತುದಿಯಿಂದ ಕೂಗಿದ, "ಸಿಡಿಗುಂಡು ಅಂದೋನು ಯಾವನೋ, ಬಾರೋ ಇಲ್ಲಿ, ಬತ್ತಿ ಹಚ್ತೀನಿ!" ಅಂದಿನಿಂದ ಅವನನ್ನು ಬೈಯಬೇಕಾದವರು ಗೋಡೆ ಕಡೆ ತಿರುಗಿ ಬೈಯತೊಡಗಿದರು.

ಕಿವಿ ಹೋಯಿತು, ಕೈ ಹೋಗಲಿಲ್ಲ. ಅವನ ಹತ್ತಿರ ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುವ ಪಂಪಿನ ಬೇರಿಂಗ್ ಮೇಲೆ ಊರುತ್ತಿದ್ದ, ಹಿಡಿಯನ್ನು ದವಡೆಯ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಬೇರಿಂಗ್ ಸವೆದಿದ್ದರೆ ಹಲ್ಲಿನ ನಡುವೆ ಮರಳು ಅಗಿದ ಹಾಗಾಗುತ್ತಿತ್ತು. ನೀರಿನ ಜೊತೆ ಗಾಳಿ ಸೇರಿದ್ದರೆ ದವಡೆಯಿಂದ ಕೆನ್ನೆಯವರೆಗೆ ಜುಮ್ಮೆನ್ನುತ್ತಿತ್ತು. ಎಲ್ಲ ಸರಿಯಿದ್ದರೆ ಬೆಕ್ಕಿನ ಬೆನ್ನ ಮೇಲೆ ಕೈ ಇಟ್ಟ ಹಾಗೆ. ಈ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಲಿಲ್ಲ. ಕಿವಿ ಹೋದ ಮೇಲಿನ ಹದಿನಾಲ್ಕು ವರ್ಷದಲ್ಲಿ ಅವನ ತಪ್ಪಿನಿಂದ ಊರಿನ ನಲ್ಲಿ ಒಂದು ದಿನವೂ ಒಣಗಲಿಲ್ಲ.

ಒಂದೇ ಒಂದು ತೊಡಕಿತ್ತು. ಪಂಪ್ ಶುರು ಮಾಡುವ ಮುಂಚೆ ಪ್ಯಾನೆಲ್ ಕೋಣೆಯಿಂದ ಬೆಲ್ ಹೊಡೆಯುತ್ತಾರೆ. ಬೆಲ್ ಕೇಳಿದವರು ಕೈ ತೆಗೆದು ದೂರ ನಿಲ್ಲಬೇಕು. ಅದಕ್ಕೆ ಬಾಮೈದ ಒಂದು ಉಪಾಯ ಮಾಡಿದ. ಹಳೆ ಹೋಲ್ಡರ್, ತುಂಡು ವೈರು, ಕೆಂಪು ಬಣ್ಣ ಬಳಿದ ಬಲ್ಬು ಸೇರಿಸಿ ನಾಲ್ಕೂ ಪಂಪಿನ ಮೇಲೆ ಒಂದೊಂದು ದೀಪ ಕಟ್ಟಿ ಬೆಲ್ಲಿನ ತಂತಿಗೆ ಜೋಡಿಸಿದ. ಉದ್ದಕ್ಕೆ ಉರಿದರೆ ಪಂಪ್ ಶುರು ಆಗುತ್ತದೆ, ದೂರ ನಿಲ್ಲು. ಎರಡು ಸಲ ಮಿನುಗಿದರೆ ಗೇಟಿನ ಹತ್ತಿರ ಯಾರೋ ಕರೆಯುತ್ತಿದ್ದಾರೆ. ಈ ದೀಪಗಳು ಇಲಾಖೆಯ ಯಾವ ನಕ್ಷೆಯಲ್ಲೂ ಇರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಹೀಗಿರುವಾಗ ಆ ಹಾಳೆ ಬಂತು.

ಕೆಲಸಗಾರರ ಆರೋಗ್ಯವನ್ನು ಹೊಸ ವಿಂಗಡಣೆಯ ಪ್ರಕಾರ ಬರೆದಿಡಬೇಕು ಅಂತ ಮೇಲಿನವರು ತೀರ್ಮಾನ ಮಾಡಿದ್ದರು. ಲೋಕದ ಎಷ್ಟೋ ದೇಶಗಳಲ್ಲಿ ಇದೇ ವಿಂಗಡಣೆಯಂತೆ, ಇದೇ ಅಂಕಿಯಂತೆ. ಹಾಳೆಯ ಮೇಲ್ಭಾಗದಲ್ಲಿ ದೇಹದ ಯಾವ ಶಕ್ತಿ ಎಷ್ಟು ಕುಂದಿದೆ ಅನ್ನುವುದು. ನಡುವೆ, ಯಾವ ನೆರವೂ ಇಲ್ಲದೆ ಆ ಮನುಷ್ಯ ಏನು ಮಾಡಬಲ್ಲ, ತನ್ನ ಜಾಗದಲ್ಲಿ ದಿನವೂ ಏನು ಮಾಡುತ್ತಿದ್ದಾನೆ ಅನ್ನುವ ಎರಡು ಸಾಲು. ಕೆಳಗೆ, ಅವನ ಸುತ್ತಮುತ್ತ ಅವನಿಗೆ ನೆರವಾಗುವುದು ಯಾವುದು, ಅಡ್ಡಿಯಾಗುವುದು ಯಾವುದು ಅನ್ನುವುದು. ಸೊನ್ನೆ ಅಂದರೆ ತೊಂದರೆ ಇಲ್ಲ, ನಾಲ್ಕು ಅಂದರೆ ಪೂರ್ತಿ ತೊಂದರೆ. ನೆರವಿಗೆ ಮಾತ್ರ ಅಂಕಿಯ ಹಿಂದೆ ಪ್ಲಸ್ ಗುರುತು. ಮೊದಲು ನೀವೇ ತುಂಬಿ ಕಳಿಸಿ, ಆಮೇಲೆ ಬೇಕಾದವರನ್ನು ಪರೀಕ್ಷೆಗೆ ಕರೆಯುತ್ತೇವೆ ಅಂತ ಬರೆದಿತ್ತು.

ಚಹಾ ಹೊತ್ತಿನಲ್ಲಿ ಎಲ್ಲರೂ ಬೆಂಚಿನ ಸುತ್ತ ಕೂತರು. ಅಕ್ಷರ ದುಂಡಗಿದೆ ಅಂತ ಪೆನ್ನು ಹಿಡಿದವಳು ಪ್ಯಾನೆಲ್ ಕೋಣೆಯಲ್ಲಿ ಸ್ವಿಚ್ ನೋಡಿಕೊಳ್ಳುವ ಹೆಂಗಸು. ಎಲ್ಲರ ಬಾಯಲ್ಲೂ ಅವಳು ಪ್ಯಾನೆಲ್ ಅಕ್ಕ. ಫಿಟ್ಟರ್‌ನ ಹಾಳೆ ಬಂದಾಗ ಅವಳ ಪೆನ್ನು ನಿಂತಿತು.

"ಅಣ್ಣ, ಕೇಳಿಸೋದು ಅಂತ ಇದೆ ಇಲ್ಲಿ. ಏನ್ ಹಾಕ್ಲಿ?"

"ಸೊನ್ನೆ ಹಾಕು."

"ಸೊನ್ನೆ ಅಂದ್ರೆ ಚೆನ್ನಾಗಿ ಕೇಳತ್ತೆ ಅಂತ ಅರ್ಥ."

"ಆಗ್ಲಿ. ನನ್ನಿಂದ ಒಂದಿನ ನೀರು ನಿಂತಿದ್ಯಾ ಈ ಊರಲ್ಲಿ? ಹೇಳು ನಿಂತಿದ್ಯಾ?"

"ಇಲ್ಲಪ್ಪ."

"ಮತ್ತೆ ಸೊನ್ನೆ. ಎಲ್ಲಾದಕ್ಕೂ ಸೊನ್ನೆ."

ಯಾರೂ ಬೇಡ ಅನ್ನಲಿಲ್ಲ. ಅವರ ಕಣ್ಣಿಗೆ ದೊಡ್ಡ ಅಂಕಿ ಅಂದರೆ ದೊಡ್ಡ ಕಳಂಕ. ತಮ್ಮ ಫಿಟ್ಟರ್‌ನ ಮೇಲೆ ಅದನ್ನು ಹಚ್ಚಲು ಯಾರ ಕೈಯೂ ಏಳಲಿಲ್ಲ. ಅಕ್ಕ ಮೇಲಿಂದ ಕೆಳಗೆ ಸೊನ್ನೆ ಸುತ್ತಿದಳು, ಮಣಿ ಪೋಣಿಸಿದ ಹಾಗೆ.

"ನೆರವು ಏನೇನು ಅಂತ ಕೊನೇಲಿ ಕೇಳಿದಾರೆ ಅಣ್ಣ."

"ಗೀಟು ಹಾಕು."

"ಭಾವ, ನನ್ನ ಮೀಸೆನಾದ್ರೂ ಬರೆಸ್ಬಹುದಿತ್ತು," ಅಂದ ಬಾಮೈದ.

"ಲೋ, ಮುಚ್ಕೊಂಡು ಟೀ ಕುಡಿ."

ಎರಡು ತಿಂಗಳಿಗೆ ಹೊಸ ಎಂಜಿನಿಯರ್ ಬಂದರು. ಚಿಕ್ಕ ವಯಸ್ಸು, ದಪ್ಪ ಮೀಸೆ, ಕಂಕುಳಲ್ಲಿ ನಕ್ಷೆಗಳ ಸುರುಳಿ. ಬಂದ ದಿನವೇ ಒಂದೊಂದು ತಂತಿಯನ್ನೂ ನಕ್ಷೆಗೆ ತಾಳೆ ನೋಡುತ್ತ ಬಂದು ಕೆಂಪು ದೀಪಗಳ ಕೆಳಗೆ ನಿಂತರು. ಇವು ಯಾಕೆ ಅಂದರು. ಬಾಮೈದ ತೊದಲಿದ. ಫಿಟ್ಟರ್‌ಗಾಗಿ ಅಂದ. ಎಂಜಿನಿಯರ್ ಆಫೀಸಿಗೆ ಹೋಗಿ ಹಾಳೆ ತಂದರು. ಮೇಲಿಂದ ಕೆಳಗೆ ಸೊನ್ನೆ. ನೆರವಿನ ಜಾಗದಲ್ಲಿ ಗೀಟು.

"ಕಿವಿ ಚೆನ್ನಾಗಿದೆ, ನೆರವು ಬೇಡ ಅಂತ ನೀವೇ ಬರ್ದಿದೀರಿ. ಮತ್ತೆ ನೀರಿನ ಜಾಗದಲ್ಲಿ ಈ ಕಳ್ಳ ವೈರಿಂಗ್ ಯಾಕೆ? ಬಿಚ್ಚಿ ಬಿಸಾಕಿ."

ಮೀಸೆಯ ಹಿಂದಿನ ಆ ಮಾತು ಫಿಟ್ಟರ್‌ಗೆ ಕಾಣಲಿಲ್ಲ. ಬಾಮೈದ ತನ್ನ ಬೋಳು ಬಾಯಲ್ಲಿ ಅದನ್ನೇ ಮತ್ತೆ ಹೇಳಿದ. ನನಗೆ ಬೇಕು ಸಾರ್ ಅನ್ನುವ ಮೂರು ಮಾತು ಫಿಟ್ಟರ್‌ನ ಗಂಟಲವರೆಗೆ ಬಂತು. ಆದರೆ ಸೊನ್ನೆ ತಾನೇ ಹೇಳಿ ಬರೆಸಿದ್ದು. ಉಗುಳಿದ್ದನ್ನು ನೆಕ್ಕುವ ಜಾತಿಯವನಲ್ಲ ಅವನು.

"ಬಿಚ್ಚೋ, ಏನ್ ನೋಡ್ತಿದೀಯ," ಅಂದ.

ದೀಪಗಳು ಹೋದ ಐದನೆಯ ದಿನ ಅದು ನಡೆಯಿತು. ಫಿಟ್ಟರ್ ಮೂರನೇ ಪಂಪನ್ನು ನಿಲ್ಲಿಸಿ, ಮೋಟಾರನ್ನೂ ಪಂಪನ್ನೂ ಕೂಡಿಸುವ ಕಪ್ಲಿಂಗ್ ಒಳಗೆ ರಬ್ಬರ್ ತುಂಡು ಕೂರಿಸುತ್ತಿದ್ದ. ಒಂದನೇ ಪಂಪು ತೀರ ಬಿಸಿಯಾಯಿತು ಅಂತ ಪ್ಯಾನೆಲ್ ಅಕ್ಕ ಮೂರನ್ನು ಶುರು ಮಾಡಬೇಕಾಯಿತು. ಅವಳ ಕೋಣೆಯಿಂದ ಪಂಪುಗಳು ಕಾಣುವುದಿಲ್ಲ, ಆ ಗಡಿಬಿಡಿಯಲ್ಲಿ ದೀಪ ಇಲ್ಲ ಅನ್ನುವುದೂ ಅವಳಿಗೆ ಹೊಳೆಯಲಿಲ್ಲ. ನಿಯಮದ ಪ್ರಕಾರ ಉದ್ದಕ್ಕೆ ಬೆಲ್ ಹೊಡೆದಳು, ಕಾದಳು, ಗುಂಡಿ ಒತ್ತಿದಳು. ಅಕ್ಕಪಕ್ಕದ ಪಂಪುಗಳಿಂದ ನೆಲ ಅದುರುತ್ತಲೇ ಇತ್ತು, ಅವನಿಗೆ ಏನೂ ಗೊತ್ತಾಗಲಿಲ್ಲ. ಕಪ್ಲಿಂಗ್ ಅವನ ಅಂಗಿಯ ತೋಳನ್ನು ಕಚ್ಚಿ ಎಳೆಯಿತು. ಅಂಗಿ ಹಳೆಯದು. ಕಣ್ಣು ಮಿಟುಕಿಸುವಷ್ಟರಲ್ಲಿ ಭುಜದವರೆಗೆ ಸೀಳಿ ಹೋಯಿತು, ಅವನು ಹಿಂದಕ್ಕೆ ಬಿದ್ದ. ಹೊಸ ಅಂಗಿ ಆಗಿದ್ದರೆ ಅದರ ಜೊತೆ ಕೈಯೂ ಹೋಗುತ್ತಿತ್ತು.

ಅಕ್ಕ ಓಡಿ ಬಂದು ನೆಲದಲ್ಲಿ ಕೂತು ಅತ್ತಳು. ಎಂಜಿನಿಯರ್ ಬಂದು ಏನೇನೋ ಅಂದರು, ಮೀಸೆ ಮಾತ್ರ ಕುಣಿಯಿತು. ಕೊನೆಗೆ ಚಾಕ್‌ಪೀಸ್ ತೆಗೆದುಕೊಂಡು ಮೋಟಾರಿನ ಮುಚ್ಚಳದ ಮೇಲೆ ಬರೆದರು.

ಕಿವಿ ಕೇಳಲ್ಲ ಅಂತ ಯಾಕೆ ಹೇಳಲಿಲ್ಲ?

ಅದರ ಕೆಳಗೆ: ನಾಳೆಯಿಂದ ಸ್ಟೋರ್. ಪರೀಕ್ಷೆಯಲ್ಲಿ ಆಗಲ್ಲ ಅಂತ ಬಂದರೆ ಅಲ್ಲೇ.

ಅಲ್ಲೇ ಅಂದರೆ ನಿವೃತ್ತಿಯವರೆಗೂ ಅಲ್ಲೇ. ಸ್ಟೋರ್ ಅಂದರೆ ಕಿಟಕಿ ಇಲ್ಲದ ಕೋಣೆ. ಬೀರುಗಳು, ಬೋಲ್ಟುಗಳು, ಒಂದು ಮುರುಕು ಸ್ಟೂಲು. ನೆಲ ಅದುರುವುದಿಲ್ಲ. ಇಪ್ಪತ್ತೆಂಟು ವರ್ಷ ಅಂಗಾಲಿನ ಕೆಳಗೆ ಜೀವಂತ ಇದ್ದ ನೆಲ ಅಲ್ಲಿ ಸತ್ತು ಬಿದ್ದಿತ್ತು. ಮೊದಲ ಸಲ ಅವನಿಗೆ ತಾನು ನಿಜವಾಗಿ ಕಿವುಡ ಅನ್ನಿಸಿದ್ದು ಆ ಸ್ಟೂಲಿನ ಮೇಲೆ.

"ಪರೀಕ್ಷೇಲಿ ಇದ್ದದ್ದು ಇದ್ದಂಗೆ ಹೇಳ್ರಿ," ಅಂದಳು ಹೆಂಡತಿ, ಹರಿದ ಅಂಗಿಯನ್ನು ಮಡಚುತ್ತ.

"ನಾಲ್ಕು ಅಂತ ಬರೆಸ್ಕೊಂಡು ಬರ್ಲಾ? ಹಣೆ ಮೇಲೆ ಹಚ್ಚೆ ಹಾಕಿಸ್ಕೊಳ್ಳಲಾ?"

"ಹಾಕಿಸ್ಕೊಳ್ಳಿ. ಕೈ ಇದ್ರೆ ತಾನೆ ಹಚ್ಚೆ ಮುಚ್ಕೊಳ್ಳೋಕೆ?"

ಅವಳು ಏಳನೇ ಕ್ಲಾಸು. ಮಾತಿನಲ್ಲಿ ಅವನಿಗಿಂತ ಮೂರು ಕ್ಲಾಸು ಮುಂದು.

ಪರೀಕ್ಷೆಯ ದಿನ ಅವಳೂ ಜೊತೆಗೆ ಬಂದಳು. ಪರೀಕ್ಷೆ ಮಾಡುವ ಮೇಡಂ ನಲವತ್ತರ ಹೆಂಗಸು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಶಬ್ದ ಕೇಳಿದಾಗ ಕೈ ಎತ್ತಿ ಅಂದರು. ಫಿಟ್ಟರ್ ಅವರ ಮಣಿಕಟ್ಟನ್ನೇ ನೋಡುತ್ತ ಕೂತ. ಗುಂಡಿ ಒತ್ತಿದಾಗಲೆಲ್ಲ ಅಲ್ಲೊಂದು ನರ ಸಣ್ಣಗೆ ಹಾರುತ್ತಿತ್ತು. ನರ ಹಾರಿತು, ಕೈ ಎತ್ತಿದ. ಮತ್ತೆ ಹಾರಿತು, ಮತ್ತೆ ಎತ್ತಿದ. ಹತ್ತಕ್ಕೆ ಹತ್ತು.

ಮೇಡಂ ಯಂತ್ರ ನೋಡಿದರು, ಅವನನ್ನು ನೋಡಿದರು, ಅವನ ಕಣ್ಣು ಎಲ್ಲಿದೆ ಅಂತ ನೋಡಿದರು. ಎದ್ದು ಬಂದು ಅವನ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿದರು.

ಆಮೇಲೆ ಕಾಲು ಗಂಟೆ ಅವನ ಮುಂದೆ ಇದ್ದದ್ದು ಬೂದು ಬಣ್ಣದ ಮೆತ್ತೆ ಒಂದೇ. ಕೈ ತೊಡೆಯ ಮೇಲೇ ಇತ್ತು. ಎತ್ತಲು ಏನೂ ಬರಲಿಲ್ಲ.

ತಿರುಗಿಸಿದಾಗ ಮೇಜಿನ ಮೇಲೆ ಹೊಸ ಹಾಳೆ ಇತ್ತು. ಮೊದಲ ಸಾಲಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಾಲ್ಕು.

ಫಿಟ್ಟರ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಮುಗೀತಾ? ಇಪ್ಪತ್ತೆಂಟು ವರ್ಷನ ಒಂದು ಅಂಕೀಲಿ ಮುಗಿಸ್ಬಿಟ್ರಾ? ನೀವು ಕುಡಿಯೋ ನೀರು ಯಾರು ಕಳಿಸಿದ್ದು ಗೊತ್ತಾ ಮೇಡಂ?"

"ರೀ, ಕೂತ್ಕೊಳ್ರಿ! ಅವ್ರಿಗೆ ಬಾಯಿ ಬಿಡೋಕೆ ಬಿಟ್ರೆ ತಾನೆ!" ಹೆಂಡತಿ ಅಂಗಿ ಹಿಡಿದು ಎಳೆದಳು. ಮೇಡಂ ಕಡೆ ತಿರುಗಿ, "ಇವ್ರದು ಕಿವಿಗಿಂತ ಬಾಯಿ ದೊಡ್ಡ ಕಾಯಿಲೆ ಮೇಡಂ. ಅದಕ್ಕೂ ಒಂದು ನಂಬರ್ ಇದ್ರೆ ಹಾಕ್ಬಿಡಿ," ಅಂದಳು.

ಮೇಡಂ ನಕ್ಕರು. ಕುರ್ಚಿ ಎಳೆದುಕೊಂಡು ಅವನ ಎದುರಿಗೆ, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತರು. ಅಷ್ಟರಲ್ಲೇ ಅವನ ಸಿಟ್ಟು ಅರ್ಧ ಇಳಿಯಿತು. ಹಾಗೆ ಕೂರಬೇಕು ಅಂತ ತಿಳಿದವರು ಕಮ್ಮಿ.

"ಇದು ನಿಮ್ಮ ಕಿವಿ ನಂಬರ್. ನಿಮ್ಮ ನಂಬರ್ ಅಲ್ಲ," ಅಂದರು ನಿಧಾನವಾಗಿ. "ನೋಡಿ, ಕೆಳಗೆ ಇನ್ನೂ ಎಷ್ಟು ಜಾಗ ಖಾಲಿ ಇದೆ. ನೀವು ಏನು ಮಾಡಬಲ್ರಿ, ಏನು ಮಾಡ್ತಾ ಇದೀರಿ, ಸುತ್ತ ಏನಿದೆ. ಇದನ್ನೆಲ್ಲ ಈ ಮೆತ್ತೆ ಕೋಣೇಲಿ ಕೂತು ಬರೆದ್ರೆ ನನ್ನಂಥ ಸುಳ್ಳಿ ಯಾರೂ ಇಲ್ಲ. ನಿಮ್ಮ ಪಂಪ್ ತೋರಿಸ್ತೀರಾ?"

ಇಪ್ಪತ್ತೆಂಟು ವರ್ಷದಲ್ಲಿ ಅವನಿಗೆ ಆ ಮಾತು ಹೇಳಿದ ಮೊದಲ ಅಧಿಕಾರಿ ಅವರು.

ಮರುದಿನ ಬೆಳಿಗ್ಗೆ ಮೇಡಂ ಪಂಪ್ ಹೌಸಿಗೆ ಬಂದರು. ಮೊದಲ ಸುತ್ತಿನಲ್ಲಿ ಅವನಿಗೆ ಏನೂ ಇಲ್ಲ. ದೀಪ ಇಲ್ಲ, ಸ್ಕ್ರೂಡ್ರೈವರ್ ಇಲ್ಲ, ಜೊತೆಯವರು ಬೆನ್ನು ತಿರುಗಿಸಿ ಮಾತಾಡಬೇಕು. ಪಂಪಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿಸಿ ಬೀಗದ ಕೈಯನ್ನು ಮೇಡಂ ತಾವೇ ಇಟ್ಟುಕೊಂಡರು. ಐದು ಸಲ ಬೆಲ್ ಹೊಡೆಸಿದರು. ಐದು ಸಲವೂ ಅವನು ಕಪ್ಲಿಂಗ್ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಅಕ್ಕ ಹಿಂದೆ ನಿಂತು ಮೂರು ಕೆಲಸ ಹೇಳಿದಳು. ಒಂದೂ ತಲುಪಲಿಲ್ಲ. ಮೇಡಂ ಮೂರು ಅಂತ ಬರೆದರು. ಜೊತೆಯವರೆಲ್ಲ ನೆಲ ನೋಡುತ್ತಿದ್ದರು, ತಾವೇ ನಪಾಸಾದ ಹಾಗೆ. ಎಂಜಿನಿಯರ್ ಕೈ ಕಟ್ಟಿ ನಿಂತಿದ್ದರು.

"ಈಗ ದಿನಾ ಹೇಗಿತ್ತೋ ಹಾಗೆ ಮಾಡಿ," ಅಂದರು ಮೇಡಂ.

"ದೀಪ ಎಲ್ಲಿದೆ ಮೇಡಂ, ಬಿಸಾಕಿ ಅಂದ್ರಲ್ಲ," ಅಂದ ಫಿಟ್ಟರ್.

ಬಾಮೈದ ಕೆಮ್ಮಿ ತನ್ನ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕೆಂಪು ದೀಪ. "ಬಿಸಾಕಿದೆ ಸಾರ್. ಇಲ್ಲಿಗೇ ಬಿಸಾಕಿದ್ದು," ಅಂದ.

ಇಪ್ಪತ್ತು ನಿಮಿಷದಲ್ಲಿ ದೀಪಗಳು ಮೇಲೇರಿದವು. ಬೆಲ್ ಹೊಡೆದಾಗಲೆಲ್ಲ ದೀಪ ಉರಿಯಿತು, ಉರಿದಾಗಲೆಲ್ಲ ಅವನು ಎರಡು ಹೆಜ್ಜೆ ಹಿಂದೆ. ಐದಕ್ಕೆ ಐದು. ಈ ಸಲ ಯಾರ ನರವನ್ನೂ ನೋಡುವ ಕೆಲಸ ಇರಲಿಲ್ಲ. ಅಕ್ಕ ಎದುರಿಗೆ ನಿಂತು ತುಟಿ ಆಡಿಸಿದ್ದನ್ನು ಹೇಳಿದ್ದಕ್ಕಿಂತ ಬೇಗ ಮಾಡಿ ಮುಗಿಸಿದ.

ಆಗ ಎಂಜಿನಿಯರ್ ಮುಂದೆ ಬಂದರು. ಎರಡನೇ ಪಂಪು ಒಂದು ವಾರದಿಂದ ಕಟಕಟ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ, ಇವತ್ತೇ ನಿಲ್ಲಿಸಿ ಬಿಚ್ಚಬೇಕು ಅಂತ ಅವರು ತೀರ್ಮಾನಿಸಿದ್ದರು. ಬಿಚ್ಚಿದರೆ ಅರ್ಧ ಊರಿಗೆ ಎರಡು ದಿನ ನೀರಿಲ್ಲ. ಇದನ್ನೂ ಹೇಳಲಿ ನೋಡೋಣ, ಅಂದರು ಮೇಡಂಗೆ. ಬಾಮೈದ ಅದನ್ನು ಫಿಟ್ಟರ್‌ಗೆ ತುಟಿಯಲ್ಲಿ ದಾಟಿಸಿದ.

ಅವರೆಲ್ಲರ ಕಿವಿಗೆ ರಾಚುತ್ತಿದ್ದ ಆ ಕಟಕಟ ಫಿಟ್ಟರ್‌ಗೆ ಇರಲೇ ಇಲ್ಲ. ಅವನು ಸ್ಕ್ರೂಡ್ರೈವರನ್ನು ಬೇರಿಂಗ್ ಮೇಲೆ ಊರಿ ದವಡೆ ಒತ್ತಿದ. ಕಣ್ಣು ಮುಚ್ಚಿದ. ಬೆಕ್ಕಿನ ಬೆನ್ನು. ಇನ್ನೊಂದು ಕಡೆ ಊರಿದ. ಅಲ್ಲೂ ಬೆಕ್ಕಿನ ಬೆನ್ನೇ.

"ಬೇರಿಂಗ್ ಗುಂಡುಕಲ್ಲಿನ ಹಾಗಿದೆ," ಅಂದ.

ಎಂಜಿನಿಯರ್ ಮುಖ ಗಂಟಿಕ್ಕಿದರು. ಅಷ್ಟು ಸದ್ದು ಬರುತ್ತಿದೆಯಲ್ಲ ಅಂತ ಕಿವಿ ತೋರಿಸಿದರು.

"ಸದ್ದು ನಿಮ್ಗೆ ಬರ್ತಿದೆ ಸಾರ್. ಬೇರಿಂಗಿಗೆ ಬರ್ತಿಲ್ಲ."

ಸ್ಕ್ರೂಡ್ರೈವರ್ ಸೊಂಟಕ್ಕೆ ಸಿಕ್ಕಿಸಿ, ಕಪ್ಲಿಂಗ್ ಮೇಲೆ ಮುಚ್ಚಿದ ತಗಡಿನ ಅಂಚಿನಗುಂಟ ಬೆರಳ ತುದಿಯನ್ನು ಮೆಲ್ಲಗೆ ಆಡಿಸುತ್ತ ಹೋದ. ಒಂದು ಕಡೆ ಬೆರಳಿಗೆ ಕಚಗುಳಿ ಆಯಿತು. ಅಲ್ಲಿನ ಸಡಿಲ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ. ಆಮೇಲೆ ಪಂಪನ್ನು ನೋಡಲಿಲ್ಲ, ಅವರ ಮುಖಗಳನ್ನು ನೋಡಿದ. ಅಕ್ಕನ ಹುಬ್ಬು ಮೇಲೇರಿತು. ಬಾಮೈದನ ಬೋಳು ತುಟಿ ಅಗಲವಾಯಿತು. ಎಂಜಿನಿಯರ್ ಬಾಯಿ ತೆರೆದೇ ಇತ್ತು, ಈಗ ಮೀಸೆಯ ಕೆಳಗೆ ಹಲ್ಲೂ ಕಾಣುತ್ತಿತ್ತು.

"ನಿಂತ್ತಾ?" ಅಂದ ಫಿಟ್ಟರ್.

ಸದ್ದು ಬಂದದ್ದೂ ಅವನಿಗೆ ಕೇಳಿರಲಿಲ್ಲ, ನಿಂತದ್ದೂ ಕೇಳಲಿಲ್ಲ. ಅದಕ್ಕೇ ಆ ಸದ್ದಿಗೆ ಅವನನ್ನು ಮೋಸಗೊಳಿಸಲು ಆಗಲಿಲ್ಲ.

ಮೇಡಂ ಬೆಂಚಿನ ಮೇಲೆ ಹಾಳೆ ಹರಡಿದರು. ತನ್ನ ಜಾಗದಲ್ಲಿ, ತನ್ನ ಸಾಧನಗಳ ಜೊತೆ ಮಾಡುವ ಕೆಲಸ ಅನ್ನುವ ಸಾಲಿನಲ್ಲಿ ಒಂದು ದುಂಡನೆಯ ಸೊನ್ನೆ ಬರೆದರು. ಅದರ ಪಕ್ಕದಲ್ಲೇ ಬೆಳಿಗ್ಗೆಯ ಮೂರು ಇತ್ತು. ಆಮೇಲೆ ನೆರವಿನ ಭಾಗ. ಕೆಂಪು ದೀಪ, ಪ್ಲಸ್ ನಾಲ್ಕು. ಸ್ಕ್ರೂಡ್ರೈವರ್, ಪ್ಲಸ್ ಮೂರು.

"ಮೇಡಂ," ಅಂದ ಫಿಟ್ಟರ್. "ಇವನ ಮೀಸೆ ಬರೀರಿ."

"ಏನು?"

"ಇವನಿಗೆ ಮೀಸೆ ಇತ್ತು. ನಂಗೆ ಮಾತು ಕಾಣ್ಲಿ ಅಂತ ತೆಗ್ದ. ಹನ್ನೊಂದು ವರ್ಷ ಆಯ್ತು. ಇವನೊಬ್ಬನೇ ಅಲ್ಲ, ಎಲ್ರೂ ತೆಗ್ದಿದಾರೆ. ಅದನ್ನ ಬರೀರಿ."

ಮೇಡಂ ಒಬ್ಬೊಬ್ಬರ ಮೇಲ್ತುಟಿಯನ್ನೂ ನೋಡುತ್ತ ಹೋದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಜೊತೆ ಕೆಲಸಗಾರರು ಮುಖ ಕಾಣುವಂತೆ ಮಾತಾಡುತ್ತಾರೆ ಅಂತ ಬರೆದು, ಪ್ಲಸ್ ಮೂರು ಅಂದರು.

"ಮೂರೇನಾ?" ಬಾಮೈದ ಎದೆ ಬಡಿದುಕೊಂಡ. "ಅಂಥ ಮೀಸೆಗೆ ಮೂರಾ ಮೇಡಂ? ಫೋಟೋ ತೋರಿಸ್ಲಾ?"

"ನಾಲ್ಕು ಮಾಡಿ ಮೇಡಂ, ಇಲ್ದಿದ್ರೆ ಇವನು ವಾಪಸ್ ಬೆಳೆಸ್ಬಿಡ್ತಾನೆ," ಅಂದಳು ಅಕ್ಕ.

ನಾಲ್ಕಾಯಿತು.

"ಅಡ್ಡಿ ಏನಾದ್ರೂ ಇದ್ಯಾ?" ಕೇಳಿದರು ಮೇಡಂ.

ಫಿಟ್ಟರ್ ಎಂಜಿನಿಯರ್ ಮುಖ ನೋಡಿದ. "ಅಧಿಕಾರಿಗಳ ಮೀಸೆ," ಅಂದ. "ಎರಡು ಸಾಕು. ಒಳ್ಳೆ ಮನುಷ್ಯ."

ಅಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಎಂಜಿನಿಯರ್ ಕಿವಿ ಕೆಂಪಾಯಿತು, ಆದರೆ ಬರೆಯಬೇಡಿ ಅನ್ನಲಿಲ್ಲ.

ಕೊನೆಗೆ ಮೇಡಂ ಹಳೆಯ ಹಾಳೆ ತೆಗೆದು ಹೊಸದರ ಪಕ್ಕದಲ್ಲಿಟ್ಟರು. "ಇದು ನೀವು ಕಳಿಸಿದ್ದು. ಮೊದಲ ಸಾಲಲ್ಲಿ ಸೊನ್ನೆ. ಅದು ಹಾಗೇ ಇದ್ರೆ ಈ ದೀಪಕ್ಕೆ ನಾನು ಪ್ಲಸ್ ಹಾಕೋ ಹಾಗಿಲ್ಲ. ಕೇಳಿಸೋನಿಗೆ ದೀಪ ಯಾಕೆ ಅಂತಾರೆ."

ಎಂಜಿನಿಯರ್ ಮೆಲ್ಲಗೆ ತಲೆ ಆಡಿಸಿದರು. ಅವರು ಕೇಳಿದ್ದೂ ಅದನ್ನೇ.

ಫಿಟ್ಟರ್ ಎರಡೂ ಹಾಳೆಗಳನ್ನು ಬಹಳ ಹೊತ್ತು ನೋಡಿದ. ಒಂದರಲ್ಲಿ ಬರೀ ಸೊನ್ನೆಗಳು. ಅದರಲ್ಲಿ ಅವನು ಇರಲಿಲ್ಲ, ಯಾರು ಬೇಕಾದರೂ ಆಗಿರಬಹುದಿತ್ತು. ಇನ್ನೊಂದರಲ್ಲಿ ನಾಲ್ಕು, ಮೂರು, ಸೊನ್ನೆ, ಪ್ಲಸ್ಸುಗಳು. ಅದನ್ನು ಹಿಡಿದು ಬೇರೆ ಯಾವ ದೇಶದ ಯಾವ ಆಸ್ಪತ್ರೆಗೆ ಹೋದರೂ ಅಲ್ಲಿನವರು ಓದಿ ಹೇಳುತ್ತಾರಂತೆ: ಈ ಮನುಷ್ಯನ ಕಿವಿ ಪೂರ್ತಿ ಹೋಗಿದೆ, ಆದರೂ ಇವನ ಕೆಲಸದಲ್ಲಿ ಎಳ್ಳಷ್ಟೂ ಕುಂದಿಲ್ಲ. ಸೊನ್ನೆ ಎಲ್ಲಿಂದ ಏರಿ ಬಂದ ಸೊನ್ನೆ ಅಂತ ತಿಳಿಯಬೇಕಾದರೆ ಮೇಲೆ ಆ ನಾಲ್ಕು ಇರಲೇಬೇಕು.

"ಪೆನ್ಸಿಲ್ಲಲ್ಲಿ ಬೇಡ," ಅಂದ. "ಪೆನ್ನು ಕೊಡಿ."

ಪೆನ್ಸಿಲಿನ ನಾಲ್ಕರ ಮೇಲೆ ತಾನೇ ಒತ್ತಿ ತಿದ್ದಿದ, ಹಾಳೆಯ ಹಿಂದೆ ಗೀರು ಮೂಡುವಷ್ಟು. ಕೆಳಗೆ ರುಜು ಹಾಕಿದ. ಹಳೆಯ ಹಾಳೆಯನ್ನು ಮಡಚಿ ಕೈ ಒರೆಸುವ ಎಣ್ಣೆ ಬಟ್ಟೆಯ ಜೊತೆ ತುರುಕಿದ.

ಮೂರು ವಾರಕ್ಕೆ ಆದೇಶ ಬಂತು. ಫಿಟ್ಟರ್ ತನ್ನ ಜಾಗದಲ್ಲೇ, ದೀಪಗಳು ನಕ್ಷೆಯ ಮೇಲೆ. ಅಷ್ಟೇ ಅಲ್ಲ. ಒಂದು ದಿನ ಎಂಜಿನಿಯರ್ ಓಡುವ ಪಂಪುಗಳ ನಡುವೆ ತಾವೇ ನಿಂತು ಬೆಲ್ ಹೊಡೆಸಿ ನೋಡಿದ್ದರು. ಈಗ ಎಲ್ಲರಿಗೂ ಕೊಡುವ ಕಿವಿಮುಚ್ಚಿಗೆ ಹಾಕಿಕೊಂಡರೆ ಅವರಿಗೂ ಬೆಲ್ ಕೇಳಲಿಲ್ಲ. ಇಲಾಖೆಯ ಎಲ್ಲ ಪಂಪ್ ಹೌಸಿಗೂ ಕೆಂಪು ದೀಪ ಹಾಕಬೇಕು, ರಿಪೇರಿ ಮಾಡುವವನ ಜೇಬಿನಲ್ಲೇ ಸ್ವಿಚ್ಚಿನ ಬೀಗದ ಕೈ ಇರಬೇಕು ಅಂತ ಅವರೇ ಬರೆದು ಕಳಿಸಿದರು. ನಕ್ಷೆಯಲ್ಲಿ ಬಾಮೈದನ ಜೋಡಣೆಯೇ ಇತ್ತು, ತಂತಿ ಮಾತ್ರ ಹೊಸದು.

ಹಾಳೆಯ ನಕಲನ್ನು ಫಿಟ್ಟರ್ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದ. ಬಂದವರಿಗೆಲ್ಲ ಮೊದಲ ಸಾಲನ್ನು ಬೆರಳಿಟ್ಟು ತೋರಿಸುತ್ತಿದ್ದ. "ನೋಡಿ, ನಾಲ್ಕು. ಅದಕ್ಕಿಂತ ಮೇಲೆ ಅಂಕೀನೇ ಇಲ್ಲ!" ಇನ್ನೊಂದು ನಕಲನ್ನು ಮನೆಗೆ ಒಯ್ದಾಗ ಹೆಂಡತಿ ಮೇಲಿಂದ ಕೆಳಗೆ ಓದಿ, "ದೀಪಕ್ಕೆ ಪ್ಲಸ್ಸು, ಮೀಸೆಗೆ ಪ್ಲಸ್ಸು. ನಾನೆಲ್ಲಿ?" ಅಂದಳು. ಅದು ಕೆಲಸದ ಜಾಗದ ಹಾಳೆ ಕಣೆ ಅಂದ. ಅವಳು ಒಪ್ಪಲಿಲ್ಲ. ಮರುದಿನ ಅಡುಗೆಮನೆಯ ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ದೊ‌ಡ್ಡದಾಗಿ ಪ್ಲಸ್ ನಾಲ್ಕು ಅಂತ ಬರೆದಿತ್ತು. ಅವಳು ಅದನ್ನು ಒರೆಸಲಿಲ್ಲ.

ಒಂದು ಮಧ್ಯಾಹ್ನ ದೀಪ ಎರಡು ಸಲ ಮಿನುಗಿತು. ಗೇಟಿನ ಹತ್ತಿರ ಎಂಜಿನಿಯರ್ ನಿಂತಿದ್ದರು. ಮೀಸೆ ತೆಗೆದಿರಲಿಲ್ಲ, ಮನೆಯಲ್ಲಿ ಒಪ್ಪುವುದಿಲ್ಲವಂತೆ. ಆದರೆ ಫಿಟ್ಟರ್ ಹತ್ತಿರ ಬರುತ್ತಿದ್ದ ಹಾಗೆ ಬೆಳಕಿಗೆ ತಿರುಗಿ, ಎರಡು ಬೆರಳಿನಿಂದ ಮೀಸೆಯನ್ನು ಮೂಗಿನ ಕಡೆಗೆ ಎತ್ತಿ ಹಿಡಿದುಕೊಂಡರು. ಈಗೀಗ ಅವರು ಅವನ ಹತ್ತಿರ ಮಾತಾಡುವುದೇ ಹಾಗೆ.

"ಮಿಸ್ತ್ರಿ, ಪಕ್ಕದ ಪಂಪ್ ಹೌಸಿನವರು ನಿಮ್ಮನ್ನ ಕಳಿಸಿ ಅಂತಿದಾರೆ. ಅಲ್ಲೊಂದು ಪಂಪಲ್ಲಿ ಸದ್ದು ಬರ್ತಿದೆಯಂತೆ. ಎಲ್ಲಿಂದ ಅಂತ ಯಾರಿಗೂ ಗೊತ್ತಾಗ್ತಿಲ್ಲ."

ಫಿಟ್ಟರ್ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿದ.

"ಕಿವಿ ಇರೋರು ಎಷ್ಟು ಜನ ಇದಾರೆ ಸಾರ್ ಅಲ್ಲಿ?"

"ಏಳು ಜನ."

"ಸರಿ. ನಡೀರಿ," ಅಂದ.